ಓದುಗರ ಪ್ರಶ್ನೆ: ಅಮೆರಿಕದ ಐವತ್ತೊಂದು ಚುನಾವಣೆಗಳು

ಅಮೆರಿಕದ ಚುನಾವಣಾ ಸುದ್ದಿಗಳನ್ನು ತಪ್ಪದೆ ಓದುತ್ತಿದ್ದರೂ ಅಲ್ಲಿನ ಪದಗಳ ತಲೆಬುಡ ತಿಳಿಯುತ್ತಿಲ್ಲವೆಂದು ಹಲವು ಓದುಗರು ಬರೆದಿದ್ದಾರೆ. ಅಂಥ ಪತ್ರಗಳಲ್ಲಿ ಕೆಲವನ್ನು ಆರಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಡೊನಾಲ್ಡ್ ಟ್ರಂಪ್ ಅವರಿಗಿಂತ 28 ಲಕ್ಷಕ್ಕೂ ಹೆಚ್ಚು ಮತಗಳು ಬಂದಿದ್ದವು. ಆದರೂ ಅಧ್ಯಕ್ಷರಾದವರು ಟ್ರಂಪ್. ಹೆಚ್ಚು ಮತ ಪಡೆದವರು ಸೋಲುವುದು ಹೇಗೆ ಸಾಧ್ಯ?

ಉತ್ತರ: ನವೆಂಬರ್‌ನ ಆ ಮಂಗಳವಾರ ಅಮೆರಿಕದಲ್ಲಿ ಒಂದು ಚುನಾವಣೆ ನಡೆಯುತ್ತದೆ ಎಂದು ನಾವು ಭಾವಿಸುವುದರಿಂದ ಈ ಗೊಂದಲ ಹುಟ್ಟುತ್ತದೆ. ನಡೆಯುವುದು ಐವತ್ತೊಂದು ಚುನಾವಣೆಗಳು: ಐವತ್ತು ರಾಜ್ಯಗಳದ್ದು ಒಂದೊಂದು, ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯದ್ದು ಇನ್ನೊಂದು. ಮತದಾರರು ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಗುರುತು ಹಾಕಿದರೂ, ಕಾನೂನಿನ ದೃಷ್ಟಿಯಲ್ಲಿ ಅವರು ಆರಿಸುವುದು ಆ ಅಭ್ಯರ್ಥಿಯ ಪರವಾಗಿ ಮುಂದೆ ಮತ ಚಲಾಯಿಸಲಿರುವ ‘ಎಲೆಕ್ಟರ್’ಗಳ ತಂಡವನ್ನು. ಈ ಎಲೆಕ್ಟರ್‌ಗಳ ಸಮೂಹಕ್ಕೇ ಎಲೆಕ್ಟೋರಲ್ ಕಾಲೇಜು ಎಂದು ಹೆಸರು. ಪ್ರತಿ ರಾಜ್ಯಕ್ಕೂ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಅದಕ್ಕಿರುವ ಸ್ಥಾನಗಳು ಮತ್ತು ಮೇಲ್ಮನೆಯಾದ ಸೆನೆಟ್‌ನಲ್ಲಿ ಅದರ ಇಬ್ಬರು ಸೆನೆಟರ್‌ಗಳು ಸೇರಿ ಎಷ್ಟಾಗುತ್ತದೋ ಅಷ್ಟು ಎಲೆಕ್ಟರ್‌ಗಳು; ಡಿ.ಸಿ.ಗೆ 1961ರ ತಿದ್ದುಪಡಿಯ ಪ್ರಕಾರ ಮೂವರು. ಒಟ್ಟು 538, ಗೆಲ್ಲಲು ಬೇಕಾದದ್ದು 270.

ಲೆಕ್ಕ ವಾಲುವುದು ಮುಂದಿನ ಹಂತದಲ್ಲಿ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ಉಳಿದೆಲ್ಲ ಕಡೆ, ಒಂದೇ ಒಂದು ಮತದಿಂದ ಗೆದ್ದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ಸಲ್ಲುತ್ತಾರೆ. 2016ರಲ್ಲಿ ಕ್ಲಿಂಟನ್ ಕ್ಯಾಲಿಫೋರ್ನಿಯಾ ಒಂದರಲ್ಲೇ 42 ಲಕ್ಷಕ್ಕೂ ಮಿಕ್ಕಿದ ಅಂತರದಿಂದ ಗೆದ್ದರು. ಅಲ್ಲಿ ನೂರು ಮತಗಳ ಅಂತರದಿಂದ ಗೆದ್ದಿದ್ದರೂ ಸಿಗುತ್ತಿದ್ದುದು ಅಷ್ಟೇ ಎಲೆಕ್ಟರ್‌ಗಳು. ಮಿಕ್ಕ ಲಕ್ಷಾಂತರ ಮತಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇತ್ತ ಟ್ರಂಪ್ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳನ್ನು ಮೂರೂ ಸೇರಿ 78 ಸಾವಿರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಗೆದ್ದು, ಅಲ್ಲಿನ ಅಷ್ಟೂ ಎಲೆಕ್ಟರ್‌ಗಳನ್ನು ತಮ್ಮದಾಗಿಸಿಕೊಂಡರು. ದೇಶದ ಒಟ್ಟು ಮತಗಳಲ್ಲಿ ಹಿಂದೆ ಬಿದ್ದವರು ಅಧ್ಯಕ್ಷರಾದದ್ದು ಇದು ಐದನೆಯ ಸಲ. ಹಿಂದಿನವು 1824, 1876, 1888 ಮತ್ತು 2000ದವು.

ಎಲ್ಲ ರಾಜ್ಯಕ್ಕೂ ಸೆನೆಟ್ ಲೆಕ್ಕದ ಎರಡು ಮತಗಳು ಸಮನಾಗಿ ಸಿಗುವುದರಿಂದ ಸಣ್ಣ ರಾಜ್ಯಗಳ ತೂಕ ತುಸು ಹೆಚ್ಚು. 2020ರ ಜನಗಣತಿಯಂತೆ ವಯೋಮಿಂಗ್‌ನ ಜನಸಂಖ್ಯೆ ಸುಮಾರು 5.77 ಲಕ್ಷ, ಎಲೆಕ್ಟರ್‌ಗಳು 3. ಕ್ಯಾಲಿಫೋರ್ನಿಯಾದ್ದು ಸುಮಾರು 3.95 ಕೋಟಿ, ಎಲೆಕ್ಟರ್‌ಗಳು 54. ಭಾಗಿಸಿ ನೋಡಿದರೆ ಅಲ್ಲಿ ಒಬ್ಬ ಎಲೆಕ್ಟರ್‌ಗೆ ಎರಡು ಲಕ್ಷಕ್ಕೂ ಕಡಿಮೆ ಜನ, ಇಲ್ಲಿ ಏಳು ಲಕ್ಷಕ್ಕೂ ಹೆಚ್ಚು. ಆದರೂ ಈ ವ್ಯವಸ್ಥೆಯಲ್ಲಿ ನಿಜವಾದ ಬಲವಿರುವುದು ಸಣ್ಣ ರಾಜ್ಯಗಳಿಗಲ್ಲ, ಫಲಿತಾಂಶ ಯಾವ ಕಡೆಗೂ ವಾಲಬಹುದಾದ ನಿರ್ಣಾಯಕ ರಾಜ್ಯಗಳಿಗೆ ಎಂಬುದು ನನ್ನ ಅಭಿಪ್ರಾಯ. 2024ರಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ನಾರ್ತ್ ಕೆರೊಲೈನಾ, ಅರಿಝೋನಾ, ನೆವಾಡ ಎಂಬ ಏಳು ರಾಜ್ಯಗಳ ಸುತ್ತಲೇ ಪ್ರಚಾರ ಗಿರಕಿ ಹೊಡೆಯಿತು. ವಯೋಮಿಂಗ್‌ನಲ್ಲಿ ರಿಪಬ್ಲಿಕನ್ನರು ಗೆಲ್ಲುವುದು ಖಚಿತವೆಂದು ಗೊತ್ತಿರುವಾಗ, ಅಲ್ಲಿಗೆ ಹೋಗಿ ಭಾಷಣ ಮಾಡುವ ಅಗತ್ಯ ಎರಡೂ ಪಕ್ಷಗಳಿಗಿಲ್ಲ.

ಇದನ್ನೇಕೆ ಬದಲಾಯಿಸುವುದಿಲ್ಲ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಪ್ರಯತ್ನವಂತೂ ನಡೆದಿದೆ. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿಯನ್ನು ಪ್ರತಿನಿಧಿ ಸಭೆ 338–70 ಮತಗಳಿಂದ ಅಂಗೀಕರಿಸಿತ್ತು. ಮರುವರ್ಷ ಸೆನೆಟ್‌ನಲ್ಲಿ ಚರ್ಚೆಯನ್ನೇ ಮುಗಿಯಗೊಡದೆ ಅದನ್ನು ಕೊಲ್ಲಲಾಯಿತು. ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ಲಾಭ ಉಣ್ಣುತ್ತಿರುವ ರಾಜ್ಯಗಳೇ ಒಪ್ಪಿಗೆ ಕೊಡಬೇಕಾದಾಗ ಬದಲಾವಣೆ ಸುಲಭವಲ್ಲ.

ಪ್ರಶ್ನೆ: ಈ ಎಲೆಕ್ಟರ್‌ಗಳು ಯಾರು? ಅವರು ಮಾತು ತಪ್ಪಿದರೆ?

ಉತ್ತರ: ಸಾಮಾನ್ಯವಾಗಿ ಪಕ್ಷಕ್ಕೆ ವರ್ಷಗಟ್ಟಲೆ ದುಡಿದ ಸ್ಥಳೀಯ ಕಾರ್ಯಕರ್ತರು, ಮಾಜಿ ಶಾಸಕರು, ದೇಣಿಗೆ ಕೊಟ್ಟವರು. ಡಿಸೆಂಬರ್‌ನಲ್ಲಿ ಅವರವರ ರಾಜ್ಯದ ರಾಜಧಾನಿಯಲ್ಲಿ ಸೇರಿ, ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಮತ ಹಾಕಿ, ಆರು ಪ್ರತಿ ಪ್ರಮಾಣಪತ್ರಗಳಿಗೆ ಸಹಿ ಮಾಡಿ ಊರಿಗೆ ಮರಳುತ್ತಾರೆ. ಕಾಲೇಜು ಎಂಬ ಹೆಸರಿದ್ದರೂ ಐವತ್ತೊಂದು ತಂಡಗಳು ಒಂದೆಡೆ ಸೇರುವುದೇ ಇಲ್ಲ. ಮಾತು ತಪ್ಪಿದವರೂ ಇದ್ದಾರೆ. 2016ರಲ್ಲಿ ಏಳು ಮತಗಳು ದಾರಿ ತಪ್ಪಿದವು, ಅವುಗಳಲ್ಲಿ ಮೂರು ಕಣದಲ್ಲೇ ಇಲ್ಲದ ಕಾಲಿನ್ ಪವೆಲ್ ಅವರಿಗೆ ಬಿದ್ದವು. ಅಂಥವರನ್ನು ದಂಡಿಸುವ ಅಧಿಕಾರ ರಾಜ್ಯಗಳಿಗಿದೆಯೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಪ್ರಶ್ನೆ: ಪ್ರೈಮರಿ ಮತ್ತು ಕಾಕಸ್ ಎಂಬ ಎರಡು ಪದಗಳನ್ನು ಪತ್ರಿಕೆಗಳು ಒಟ್ಟಿಗೇ ಬಳಸುತ್ತವೆ. ವ್ಯತ್ಯಾಸವೇನು? ಪಕ್ಷದ ಅಭ್ಯರ್ಥಿಯನ್ನು ಪಕ್ಷದ ನಾಯಕರು ಆರಿಸದೆ ಜನರೇಕೆ ಆರಿಸಬೇಕು?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ. ಬಹುಕಾಲ ನಾಯಕರೇ ಆರಿಸುತ್ತಿದ್ದರು. 1968ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ದೇಶ ಕುದಿಯುತ್ತಿದ್ದಾಗ, ಯಾವ ಪ್ರೈಮರಿಯಲ್ಲೂ ಸ್ಪರ್ಧಿಸದ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು ಡೆಮಾಕ್ರಟಿಕ್ ಪಕ್ಷದ ಶಿಕಾಗೊ ಮಹಾಧಿವೇಶನ ಅಭ್ಯರ್ಥಿಯೆಂದು ಘೋಷಿಸಿತು. ಒಳಗೆ ಕೂಗಾಟ, ಹೊರಗೆ ಬೀದಿಯಲ್ಲಿ ಪೊಲೀಸರ ಲಾಠಿ. ಎರಡನ್ನೂ ದೇಶ ಟಿ.ವಿ.ಯಲ್ಲಿ ನೋಡಿತು. ಆ ಮುಖಭಂಗದ ನಂತರ ನಿಯಮಗಳು ಬದಲಾಗಿ, ಅಭ್ಯರ್ಥಿಯ ಆಯ್ಕೆ ಸಾಮಾನ್ಯ ಮತದಾರರ ಕೈಗೆ ಬಂದಿತು.

ಪ್ರೈಮರಿ ಎಂದರೆ ಮತಗಟ್ಟೆಗೆ ಹೋಗಿ ಗುಟ್ಟಾಗಿ ಮತ ಹಾಕುವ ಮಾಮೂಲು ಕ್ರಮ, ಆದರೆ ಸ್ಪರ್ಧೆ ಒಂದೇ ಪಕ್ಷದ ಆಕಾಂಕ್ಷಿಗಳ ನಡುವೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷದವರೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ, ಕೆಲವೆಡೆ ಯಾರು ಬೇಕಾದರೂ ಭಾಗವಹಿಸಬಹುದು. ಕಾಕಸ್ ಎಂದರೆ ಸಭೆ. ಅಯೋವಾ ರಾಜ್ಯದ ಡೆಮಾಕ್ರಟರು 2020ರವರೆಗೆ ನಡೆಸುತ್ತಿದ್ದ ಬಗೆ ನೋಡಲು ಸೊಗಸಾಗಿತ್ತು. ಚಳಿಗಾಲದ ಸಂಜೆ ಏಳಕ್ಕೆ ಶಾಲೆಯ ಆಟದ ಸಭಾಂಗಣದಲ್ಲೋ ಚರ್ಚಿನಲ್ಲೋ ನೆರೆಹೊರೆಯವರೆಲ್ಲ ಸೇರುತ್ತಾರೆ. ಒಬ್ಬ ಆಕಾಂಕ್ಷಿಗೆ ಒಂದು ಮೂಲೆ. ನಿಮ್ಮ ಬೆಂಬಲ ಯಾರಿಗೋ ಅವರ ಮೂಲೆಗೆ ಹೋಗಿ ನಿಲ್ಲಬೇಕು. ತಲೆ ಎಣಿಸಿದಾಗ ಶೇಕಡ 15ರಷ್ಟು ಜನವೂ ಸೇರದ ಗುಂಪು ಸಾಮಾನ್ಯವಾಗಿ ಚದುರಬೇಕಾಗುತ್ತದೆ. ಆಗ ಉಳಿದ ಗುಂಪಿನವರು ಬಂದು, ‘ನಮ್ಮ ಕಡೆ ಬನ್ನಿ’ ಎಂದು ಕೈಹಿಡಿದು ಕರೆಯುತ್ತಾರೆ. ಪಕ್ಕದ ಮನೆಯವರ ಮುಂದೆ, ಕೆಲಸ ಕೊಟ್ಟ ಧಣಿಯ ಮುಂದೆ, ತನ್ನ ಆಯ್ಕೆಯನ್ನು ನಿಂತು ತೋರಿಸಬೇಕು. ರಾತ್ರಿಪಾಳಿಯ ಕೆಲಸಗಾರರು, ಎಳೆಮಕ್ಕಳ ತಾಯಂದಿರು ಬರಲಾಗುವುದಿಲ್ಲ ಎಂಬುದು ಇದರ ಮೇಲಿದ್ದ ದೊಡ್ಡ ಆಕ್ಷೇಪ. 2020ರಲ್ಲಿ ಲೆಕ್ಕ ಕಳುಹಿಸುವ ಮೊಬೈಲ್ ಆ್ಯಪ್ ಕೈಕೊಟ್ಟು ಫಲಿತಾಂಶ ದಿನಗಟ್ಟಲೆ ತಡವಾದದ್ದೇ ನೆಪವಾಗಿ, 2024ರಲ್ಲಿ ಡೆಮಾಕ್ರಟರು ಮೊದಲ ಸ್ಥಾನವನ್ನು ಸೌತ್ ಕೆರೊಲೈನಾಕ್ಕೆ ಕೊಟ್ಟರು. ರಿಪಬ್ಲಿಕನ್ನರು ಅಯೋವಾದಿಂದಲೇ ಆರಂಭಿಸಿದರು. ಅವರ ಕಾಕಸ್‌ನಲ್ಲಿ ಚೀಟಿಯ ಮೇಲೆ ಹೆಸರು ಬರೆದು ಗುಟ್ಟಾಗಿ ಮತ ಹಾಕುತ್ತಾರೆ.

ಎರಡೂ ಕ್ರಮಗಳಲ್ಲಿ ಗೆದ್ದವರಿಗೆ ದೊರೆಯುವುದು ಪಕ್ಷದ ಮಹಾಧಿವೇಶನಕ್ಕೆ ಹೋಗುವ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು. ಇವರ ಪಾತ್ರ ಬರೀ ಔಪಚಾರಿಕವೆಂದೇ ಎಲ್ಲರೂ ತಿಳಿದಿದ್ದರು. 2024ರ ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿದಾಗ, ಪ್ರೈಮರಿಗಳೆಲ್ಲ ಮುಗಿದುಹೋಗಿದ್ದುದರಿಂದ, ಕಮಲಾ ಹ್ಯಾರಿಸ್ ಅವರನ್ನು ಅಭ್ಯರ್ಥಿಯಾಗಿಸಿದ್ದು ಈ ಡೆಲಿಗೇಟ್‌ಗಳ ಮತವೇ.

ಪ್ರಶ್ನೆ: ಮತದಾನಕ್ಕೆ ಮಂಗಳವಾರವೇ ಏಕೆ? ಅಂದು ರಜೆ ಇರುತ್ತದೆಯೇ?

ಉತ್ತರ: 1845ರ ಕಾನೂನಿನ ಪ್ರಕಾರ ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮತದಾನ, ಹೀಗಾಗಿ ಅದು 2ರಿಂದ 8ನೇ ತಾರೀಖಿನೊಳಗೆ ಬರುತ್ತದೆ. ಅದಕ್ಕೂ ಮೊದಲು ರಾಜ್ಯಗಳು ತಮಗೆ ತೋಚಿದ ದಿನಗಳಲ್ಲಿ ಮತದಾನ ನಡೆಸುತ್ತಿದ್ದವು. ಕೊಯ್ಲು ಮುಗಿದು ಹಿಮ ಬೀಳುವ ಮೊದಲಿನ ತಿಂಗಳು, ಭಾನುವಾರದ ಪ್ರಾರ್ಥನೆ ಮುಗಿಸಿ ಸೋಮವಾರ ಗಾಡಿ ಕಟ್ಟಿದರೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕೇಂದ್ರ ತಲುಪುವ ದಿನ ಎಂಬುದು ರೂಢಿಯ ವಿವರಣೆ. ಕೇಂದ್ರ ಸರ್ಕಾರದ ರಜೆ ಇಲ್ಲ. ರಜೆ ಕೊಡುವ ರಾಜ್ಯಗಳಿವೆ. ಬಹುತೇಕ ರಾಜ್ಯಗಳಲ್ಲಿ ವಾರಗಳ ಮೊದಲೇ ಮತ ಹಾಕುವ ಅವಕಾಶವಿರುವುದರಿಂದ ಆ ಮಂಗಳವಾರ ಈಗ ಮತದಾನದ ಕೊನೆಯ ದಿನ ಎನ್ನುವುದೇ ಸರಿ.

ಪ್ರಶ್ನೆ: ಫಲಿತಾಂಶವನ್ನು ಟಿ.ವಿ. ವಾಹಿನಿಗಳು ಘೋಷಿಸುತ್ತವೆ. ಇಡೀ ದೇಶದ ಚುನಾವಣೆಯನ್ನು ನಡೆಸುವ ಆಯೋಗ ಅಲ್ಲಿಲ್ಲವೇ?

ಉತ್ತರ: ಇಲ್ಲ. ಫೆಡರಲ್ ಚುನಾವಣಾ ಆಯೋಗ ಎಂಬುದೊಂದಿದೆ. ಆದರೆ ಅದರ ಕೆಲಸ ಪ್ರಚಾರದ ಹಣದ ಲೆಕ್ಕ ನೋಡುವುದಷ್ಟೇ. ಮತದಾನ ನಡೆಸುವವರು ರಾಜ್ಯಗಳು, ಅವುಗಳೊಳಗೆ ಮೂರು ಸಾವಿರಕ್ಕೂ ಹೆಚ್ಚಿನ ಕೌಂಟಿಗಳು. ಮತಪತ್ರದ ವಿನ್ಯಾಸವನ್ನು ಕೂಡ ಕೌಂಟಿಯ ಅಧಿಕಾರಿ ನಿರ್ಧರಿಸುವುದುಂಟು. ಅದರಿಂದ ಏನಾಗಬಹುದು ಎಂಬುದಕ್ಕೆ 2000ದ ಫ್ಲಾರಿಡಾಗಿಂತ ಉತ್ತಮ ನಿದರ್ಶನವಿಲ್ಲ.

ಅಲ್ಲಿನ ಪಾಮ್ ಬೀಚ್ ಕೌಂಟಿಯಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಎರಡು ಎದುರುಬದುರು ಪುಟಗಳಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಅಚ್ಚು ಹಾಕಿ, ಚುಚ್ಚಬೇಕಾದ ರಂಧ್ರಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಎಡಪುಟದಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಅಲ್ ಗೋರ್ ಎರಡನೆಯವರು. ಆದರೆ ಎರಡನೆಯ ರಂಧ್ರ ಬಲಪುಟದ ಪ್ಯಾಟ್ ಬುಕ್ಯಾನನ್ ಅವರದ್ದು, ಗೋರ್ ಅವರದ್ದು ಮೂರನೆಯದು. ತಮ್ಮ ಮತ ಬೇರೆಯವರಿಗೆ ಹೋಯಿತೆಂದು ಅಂದೇ ದೂರುಗಳು ಬಂದವು. ಸಾಲದೆಂಬಂತೆ, ಮೊಳೆಯಂಥ ಕಡ್ಡಿಯಿಂದ ಕಾರ್ಡ್ ಚುಚ್ಚಿದಾಗ ಉದುರಬೇಕಾದ ಕಾಗದದ ಚೂರು ಕೆಲವದರಲ್ಲಿ ಒಂದು ಮೂಲೆಯಲ್ಲಿ ನೇತಾಡುತ್ತಿತ್ತು, ಕೆಲವದರಲ್ಲಿ ಬರೀ ಉಬ್ಬಿತ್ತು. ಈ ಚೂರಿಗೆ ‘ಚ್ಯಾಡ್’ ಎನ್ನುತ್ತಾರೆ. ನೇತಾಡುವ ಚ್ಯಾಡ್ ಮತವೋ ಅಲ್ಲವೋ ಎಂದು ಅಧಿಕಾರಿಗಳು ಕಾರ್ಡನ್ನು ಬೆಳಕಿಗೆ ಹಿಡಿದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದ ಚಿತ್ರಗಳನ್ನು ಜಗತ್ತೇ ಕಂಡಿತು. ಟಿ.ವಿ. ವಾಹಿನಿಗಳು ಆ ರಾತ್ರಿ ಫ್ಲಾರಿಡಾವನ್ನು ಮೊದಲು ಗೋರ್ ಅವರಿಗೆ ಕೊಟ್ಟು, ಹಿಂಪಡೆದು, ಆಮೇಲೆ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಅವರಿಗೆ ಕೊಟ್ಟು, ಅದನ್ನೂ ಹಿಂಪಡೆದವು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆಗೆ ತೆರೆ ಎಳೆಯಿತು. ಸುಮಾರು 60 ಲಕ್ಷ ಮತಗಳಲ್ಲಿ ಬುಷ್ ಅವರ ಅಂತಿಮ ಮುನ್ನಡೆ 537. ದೇಶದ ಅಧ್ಯಕ್ಷ ಪದವಿಯನ್ನು ನಿರ್ಧರಿಸಿದ್ದು ಅಷ್ಟೇ ಮತಗಳು.

ವಾಹಿನಿಗಳ ಘೋಷಣೆ ಅಂದಾಜು ಮಾತ್ರ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1848ರಿಂದ ಈ ಲೆಕ್ಕ ಇಡುತ್ತಾ ಬಂದಿದ್ದು, ಅದರ ಮಾತಿಗೆ ಹೆಚ್ಚಿನ ಬೆಲೆಯಿದೆಯಾದರೂ ಅದಕ್ಕೆ ಕಾನೂನಿನ ಬಲವಿಲ್ಲ. ಕೌಂಟಿಗಳು ಲೆಕ್ಕ ಒಪ್ಪಿಸಿ, ರಾಜ್ಯ ದೃಢೀಕರಿಸಿ, ಎಲೆಕ್ಟರ್‌ಗಳು ಮತ ಹಾಕಿ, ಜನವರಿ 6ರಂದು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಜಂಟಿ ಅಧಿವೇಶನದಲ್ಲಿ ಎಣಿಕೆಯಾದ ಮೇಲೆಯೇ ಫಲಿತಾಂಶ ಅಧಿಕೃತ. 2021ರ ಜನವರಿ 6ರಂದು ಗುಂಪೊಂದು ಸಂಸತ್ ಭವನಕ್ಕೆ ನುಗ್ಗಿ ತಡೆಯಲೆತ್ನಿಸಿದ್ದು ಈ ಎಣಿಕೆಯನ್ನೇ. ಅಧ್ಯಕ್ಷತೆ ವಹಿಸುವ ಉಪಾಧ್ಯಕ್ಷರಿಗೆ ಮತಗಳನ್ನು ತಿರಸ್ಕರಿಸುವ ಅಧಿಕಾರವಿಲ್ಲವೆಂದು 2022ರ ಕಾನೂನು ಸ್ಪಷ್ಟಪಡಿಸಿತು.

ಎಣಿಕೆ ತಡವಾದರೆ ಮೋಸ ನಡೆದಿದೆಯೆಂದು ಶಂಕಿಸುವವರು ಅಂಚೆಮತದ ಲಕೋಟೆಯನ್ನೊಮ್ಮೆ ನೆನೆಯಬೇಕು. ಪೆನ್ಸಿಲ್ವೇನಿಯಾದಲ್ಲಿ ಮತಪತ್ರವನ್ನು ಒಂದು ಒಳಲಕೋಟೆಯಲ್ಲಿಟ್ಟು, ಅದನ್ನು ಹೊರಲಕೋಟೆಯಲ್ಲಿಟ್ಟು, ಅದರ ಮೇಲೆ ಸಹಿ ಮತ್ತು ದಿನಾಂಕ ಹಾಕಬೇಕು. ಒಳಲಕೋಟೆ ಮರೆತವರ ಮತ ಅಸಿಂಧು; ಅಂಥದ್ದನ್ನು ಅಲ್ಲಿನವರು ‘ಬೆತ್ತಲೆ ಮತಪತ್ರ’ ಎನ್ನುತ್ತಾರೆ. ಮತದಾನದ ದಿನ ಬೆಳಿಗ್ಗೆ ಏಳರವರೆಗೆ ಈ ಲಕೋಟೆಗಳನ್ನು ಒಡೆಯುವಂತೆಯೇ ಇಲ್ಲ. 2020ರಲ್ಲಿ ಕೋವಿಡ್ ಕಾರಣ ಲಕ್ಷಗಟ್ಟಲೆ ಅಂಚೆಮತಗಳು ಬಂದಾಗ, ಮಂಗಳವಾರದ ಚುನಾವಣೆಯ ಫಲಿತಾಂಶವನ್ನು ಸುದ್ದಿಸಂಸ್ಥೆಗಳು ಹೇಳಿದ್ದು ಶನಿವಾರ.

ಪ್ರಶ್ನೆ: ನನ್ನ ಮಗ ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿದ್ದಾನೆ. ಅವನು ಮತ ಹಾಕಬಹುದೇ?

ಉತ್ತರ: ಇಲ್ಲ. ಅಧ್ಯಕ್ಷ ಮತ್ತು ಕಾಂಗ್ರೆಸ್ ಚುನಾವಣೆಗಳಲ್ಲಿ ಪೌರತ್ವ ಇಲ್ಲದವರು ಮತ ಹಾಕುವುದು ಶಿಕ್ಷಾರ್ಹ ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ವಾಹನ ಚಾಲನಾ ಪರವಾನಗಿಯ ಅರ್ಜಿಯ ಜೊತೆಗೇ ಮತದಾರರಾಗಿ ನೋಂದಾಯಿಸಿಕೊಳ್ಳುವ ಅವಕಾಶವನ್ನು 1993ರ ಕಾನೂನು ಕಲ್ಪಿಸಿರುವುದರಿಂದ, ಆ ಅರ್ಜಿಯಲ್ಲಿ ತಪ್ಪಿ ಗುರುತು ಹಾಕದಂತೆ ನಿಮ್ಮ ಮಗನಿಗೆ ದಯವಿಟ್ಟು ತಿಳಿಸಿ. ಮೇರಿಲ್ಯಾಂಡಿನ ಟಕೋಮಾ ಪಾರ್ಕ್‌ನಂಥ ಕೆಲವು ಊರುಗಳು ಸ್ಥಳೀಯ ಚುನಾವಣೆಗಳಲ್ಲಿ ಮಾತ್ರ ಪೌರರಲ್ಲದ ನಿವಾಸಿಗಳಿಗೂ ಮತ ಕೊಟ್ಟಿವೆ.

ಪೌರರಾದವರಿಗೂ ಹೆಸರು ತಾನಾಗಿ ಪಟ್ಟಿಗೆ ಸೇರುತ್ತದೆಂಬ ಭರವಸೆ ಎಲ್ಲ ಕಡೆ ಇಲ್ಲ. ನೋಂದಣಿಯ ಗಡುವು, ತೋರಿಸಬೇಕಾದ ಗುರುತಿನ ಚೀಟಿ, ಜೈಲಿಗೆ ಹೋದವರ ಮತದ ಹಕ್ಕು ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಡಕೋಟಾದಲ್ಲಿ ನೋಂದಣಿ ಎಂಬುದೇ ಇಲ್ಲ. ಮೇನ್ ಮತ್ತು ವರ್ಮಾಂಟ್‌ಗಳಲ್ಲಿ ಸೆರೆಯಲ್ಲಿರುವವರೂ ಮತ ಹಾಕುತ್ತಾರೆ. ರಾಜ್ಯಗಳ ಈ ಸ್ವಾತಂತ್ರ್ಯಕ್ಕೆ ಕರಾಳ ಮುಖವೂ ಇದೆ. 1870ರ ತಿದ್ದುಪಡಿ ಕಪ್ಪುಜನರಿಗೆ ಮತದ ಹಕ್ಕನ್ನು ಕೊಟ್ಟರೂ, ದಕ್ಷಿಣದ ರಾಜ್ಯಗಳು ಅಕ್ಷರಪರೀಕ್ಷೆ, ತಲೆಗಂದಾಯ, ಬರೀ ಬೆದರಿಕೆಗಳಿಂದ ಅವರನ್ನು ಸುಮಾರು ನೂರು ವರ್ಷ ಮತಗಟ್ಟೆಯಿಂದ ಹೊರಗಿಟ್ಟವು. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾ ಸೇತುವೆಯ ಮೇಲೆ ಹಕ್ಕು ಕೇಳಲು ಹೊರಟವರನ್ನು ಪೊಲೀಸರು ಬಡಿದರು. ಅದೇ ಆಗಸ್ಟ್‌ನಲ್ಲಿ ಮತದಾನ ಹಕ್ಕುಗಳ ಕಾಯ್ದೆ ಬಂದಿತು. ಮಿಸಿಸಿಪ್ಪಿಯಲ್ಲಿ ಅಲ್ಲಿಯವರೆಗೆ ನೂರಕ್ಕೆ ಏಳು ಮಂದಿ ಅರ್ಹ ಕಪ್ಪುಜನರೂ ಪಟ್ಟಿಯಲ್ಲಿರಲಿಲ್ಲ. ಎರಡೇ ವರ್ಷಗಳಲ್ಲಿ ಆ ಸಂಖ್ಯೆ ನೂರಕ್ಕೆ ಅರುವತ್ತರ ಹತ್ತಿರ ಬಂದಿತು.

ಪ್ರಶ್ನೆ: ‘ಜೆರಿಮ್ಯಾಂಡರಿಂಗ್’ ಎಂದರೇನು?

ಉತ್ತರ: ತಮ್ಮ ಪಕ್ಷಕ್ಕೆ ಲಾಭವಾಗುವಂತೆ ಕ್ಷೇತ್ರಗಳ ಗಡಿ ಎಳೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ಸಹಿ ಹಾಕಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸ್ಯಾಲಮ್ಯಾಂಡರ್ ಎಂಬ ಹಲ್ಲಿಯಂಥ ಜೀವಿಯ ಹಾಗೆ ಬಳುಕಿಕೊಂಡಿತ್ತು. ಪತ್ರಿಕೆಯೊಂದು ಅದಕ್ಕೆ ರೆಕ್ಕೆ, ಉಗುರುಗಳನ್ನು ಬರೆದು ಗವರ್ನರ್ ಹೆಸರನ್ನೂ ಅಂಟಿಸಿತು. ಪಾಪ, ಅವರ ಹೆಸರಿನ ಉಚ್ಚಾರ ‘ಗೆರಿ’. ಅಪಕೀರ್ತಿಯ ಜೊತೆಗೆ ಉಚ್ಚಾರವೂ ಕೆಟ್ಟಿತು.

ಲೆಕ್ಕ ಸರಳ. ಐವತ್ತು ಮತದಾರರು, ತಲಾ ಹತ್ತು ಮಂದಿಯ ಐದು ಕ್ಷೇತ್ರಗಳು ಎಂದುಕೊಳ್ಳಿ. ಒಂದು ಪಕ್ಷಕ್ಕೆ 30 ಬೆಂಬಲಿಗರು, ಇನ್ನೊಂದಕ್ಕೆ 20. ಗಡಿ ಎಳೆಯುವ ಕೈ ಎರಡನೆಯ ಪಕ್ಷದ್ದಾದರೆ, ಎದುರಾಳಿಯ ಹದಿನೆಂಟು ಮಂದಿಯನ್ನು ಎರಡು ಕ್ಷೇತ್ರಗಳಲ್ಲಿ ಒಂಬತ್ತೊಂಬತ್ತರಂತೆ ಒತ್ತಿ ತುಂಬುತ್ತದೆ; ಉಳಿದ ಹನ್ನೆರಡು ಮಂದಿಯನ್ನು ಮೂರು ಕ್ಷೇತ್ರಗಳಿಗೆ ನಾಲ್ಕು ನಾಲ್ಕರಂತೆ ಒಡೆದು ಹಂಚುತ್ತದೆ. ಆ ಮೂರರಲ್ಲೂ ತಾನು ಆರು–ನಾಲ್ಕರಿಂದ ಗೆಲ್ಲುತ್ತದೆ. ಇಪ್ಪತ್ತು ಮಂದಿಯ ಪಕ್ಷಕ್ಕೆ ಮೂರು ಸ್ಥಾನ, ಮೂವತ್ತು ಮಂದಿಯ ಪಕ್ಷಕ್ಕೆ ಎರಡು. ಬಹುತೇಕ ರಾಜ್ಯಗಳಲ್ಲಿ ಗಡಿ ಎಳೆಯುವವರು ಶಾಸಕರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕೇಳುವವರು ಯಾರು? ಪಕ್ಷಲಾಭದ ನಕ್ಷೆಗಳ ವಿಚಾರಣೆ ಫೆಡರಲ್ ನ್ಯಾಯಾಲಯಗಳ ಕೆಲಸವಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಕೈತೊಳೆದುಕೊಂಡಿತು. ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಗಡಿ ಬದಲಿಸುವುದು ವಾಡಿಕೆ. 2025ರಲ್ಲಿ ಟೆಕ್ಸಾಸ್ ಮಧ್ಯದಲ್ಲೇ ಹೊಸ ನಕ್ಷೆ ಎಳೆಯಿತು, ಕ್ಯಾಲಿಫೋರ್ನಿಯಾ ಅದಕ್ಕೆ ಪ್ರತಿಯಾಗಿ ತನ್ನದನ್ನೂ ಬದಲಿಸಿತು.

ಪ್ರಶ್ನೆ: ದೇಣಿಗೆಗೆ ಮಿತಿ ಇದೆ ಎನ್ನುತ್ತಾರೆ, ಕೋಟಿಗಟ್ಟಲೆ ಡಾಲರ್ ಸುರಿಯುವುದನ್ನೂ ಓದುತ್ತೇವೆ. ಯಾವುದು ನಿಜ?

ಉತ್ತರ: ಎರಡೂ ನಿಜ. 2024ರ ಚುನಾವಣೆಯಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾಗಿದ್ದುದು ಪ್ರೈಮರಿಗೆ 3,300 ಡಾಲರ್, ಅಂತಿಮ ಚುನಾವಣೆಗೆ ಇನ್ನೊಂದು 3,300 ಡಾಲರ್. ಆದರೆ ಖರ್ಚು ಮಾಡುವುದು ಮಾತನಾಡುವ ಸ್ವಾತಂತ್ರ್ಯದ ಭಾಗವೆಂದು 1976ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಕಂಪನಿಗಳ ಮತ್ತು ಕಾರ್ಮಿಕ ಸಂಘಗಳ ಸ್ವತಂತ್ರ ಖರ್ಚಿಗೂ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನಲ್ಲಿ ಬಾಗಿಲು ತೆರೆಯಿತು. ಅಭ್ಯರ್ಥಿಯ ಕೈಗೆ ಹಣ ಕೊಡದೆ, ಅವರೊಂದಿಗೆ ಸಮಾಲೋಚಿಸದೆ, ಅವರ ಪರವಾಗಿ ಎಷ್ಟು ಬೇಕಾದರೂ ಖರ್ಚು ಮಾಡುವ ಸಂಘಗಳಿಗೆ ಸೂಪರ್ ಪ್ಯಾಕ್ ಎನ್ನುತ್ತಾರೆ.

ಸಮಾಲೋಚನೆ ಕೂಡದೆಂಬ ನಿಯಮದ ಗತಿ ಕೇಳಿ. ಅಭ್ಯರ್ಥಿ ಮನೆಯವರೊಡನೆ ನಡೆದಾಡುವ, ಕೆಲಸಗಾರರ ಕೈ ಕುಲುಕುವ, ಕಿಟಕಿಯಾಚೆ ನೋಡುತ್ತ ಯೋಚಿಸುವ ಮಾತಿಲ್ಲದ ದೃಶ್ಯಗಳನ್ನು ಪ್ರಚಾರ ತಂಡ ಯೂಟ್ಯೂಬ್‌ಗೆ ಹಾಕಿಬಿಡುತ್ತದೆ. ಯಾರಿಗೂ ಹೇಳಿಲ್ಲ, ಎಲ್ಲರಿಗೂ ತೋರಿಸಿದೆ, ಅಷ್ಟೇ. ಸೂಪರ್ ಪ್ಯಾಕ್ ಅದನ್ನು ಎತ್ತಿಕೊಂಡು ಜಾಹೀರಾತು ಮಾಡುತ್ತದೆ. ಕಾನೂನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ.

ಪ್ರಶ್ನೆ: ಸೋತ ಅಧ್ಯಕ್ಷರನ್ನು ‘ಕುಂಟು ಬಾತುಕೋಳಿ’ ಎನ್ನುವುದೇಕೆ?

ಉತ್ತರ: ಸೋತವರನ್ನಷ್ಟೇ ಅಲ್ಲ, ಉತ್ತರಾಧಿಕಾರಿಯ ಆಯ್ಕೆಯಾದ ಮೇಲೂ ಕುರ್ಚಿಯಲ್ಲಿ ಉಳಿದಿರುವ ಯಾರನ್ನಾದರೂ ಹಾಗೆನ್ನುತ್ತಾರೆ, ಅಧಿಕಾರವಿದ್ದರೂ ಮಾತಿಗೆ ಹಿಂದಿನ ಬೆಲೆಯಿರುವುದಿಲ್ಲ. ಮೊದಲು ಈ ಅವಧಿ ಮಾರ್ಚ್ 4ರವರೆಗೆ ಇತ್ತು. 1932ರ ನವೆಂಬರ್‌ನಲ್ಲಿ ಸೋತ ಹರ್ಬರ್ಟ್ ಹೂವರ್, ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕುತ್ತಿದ್ದ ಆ ನಾಲ್ಕು ತಿಂಗಳೂ ಅಧಿಕಾರದಲ್ಲಿದ್ದರು. ಗೆದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೊರಗೆ ಕಾಯುತ್ತಿದ್ದರು. 1933ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಮಾಣವಚನದ ದಿನವನ್ನು ಜನವರಿ 20ಕ್ಕೆ ತಂದಿತು. ಆ ದಿನ ಮೊದಲ ಬಾರಿಗೆ ಪ್ರಮಾಣ ಸ್ವೀಕರಿಸಿದವರು, 1937ರಲ್ಲಿ, ಅದೇ ರೂಸ್‌ವೆಲ್ಟ್.